ನೈಸಾಗಿ ಬಂದ ಪದ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವಾರ ಮಡಿಕೇರಿ ಪೇಟೆಗೆ ಕಾಫಿಪುಡಿ ಮಾಡಿಸಲು ಹೋಗಿದ್ದೆ. ಮಿಲ್ಲಿನ ಹುಡುಗ ಕೇಳಿದ, "ನೈಸಾಗಿ ಬೇಕಾ ಅಕ್ಕ, ತರಿಯಾಗಿ ಬೇಕಾ?" ಏನೋ ಯೋಚನೆಯಲ್ಲಿದ್ದೆ. "ನೈಸಾಗೇ ಇರಲಿ" ಅಂದುಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಫಿಲ್ಟರಿನ ತೂತುಗಳೆಲ್ಲ ಕಟ್ಟಿಕೊಂಡಿವೆ. ಅರ್ಧ ಗಂಟೆ ಕಾದರೂ ಇಳಿದದ್ದು ನಾಲ್ಕು ಹನಿ ಡಿಕಾಕ್ಷನ್. ಚಮಚದಲ್ಲಿ ಫಿಲ್ಟರ್ ತಟ್ಟುತ್ತಾ ಕೂತಿದ್ದಾಗ ತಲೆಗೆ ಹೊಳೆಯಿತು: ಈ ನೈಸ್ ಎಲ್ಲಿಂದ ಬಂತು?

ಇದರ ಮೂಲ ಲ್ಯಾಟಿನ್ ಭಾಷೆ. ಅಲ್ಲಿ 'ನೆಸ್ಕಿಯಸ್' ಅಂದರೆ ಏನೂ ತಿಳಿಯದವನು. 'ನೆ' ಅಂದರೆ ಇಲ್ಲ, 'ಸ್ಕಿರೆ' ಅಂದರೆ ತಿಳಿಯುವುದು. ಅದೇ 'ಸ್ಕಿರೆ'ಯಿಂದಲೇ ಸೈನ್ಸ್ ಕೂಡ ಹುಟ್ಟಿದ್ದು. ಸೈನ್ಸೂ ನೈಸೂ ಒಂದೇ ಬಳ್ಳಿಯ ಕಾಯಿಗಳು ನೋಡಿ, ಒಂದು ಜಾಣ, ಇನ್ನೊಂದು ಪೆದ್ದು! ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ನೈಸ್ ಅಂದರೆ ದಡ್ಡ ಅಂತಲೇ ಅರ್ಥ. ಆಗ ಯಾರನ್ನಾದರೂ ನೈಸ್ ಅಂದಿದ್ದರೆ ಜಗಳ ಗ್ಯಾರಂಟಿ. ಆಮೇಲೆ ನಾಜೂಕು, ಅತಿ ಮಡಿವಂತಿಕೆ, ಸೂಕ್ಷ್ಮ ಅಂತೆಲ್ಲ ವೇಷ ಬದಲಾಯಿಸಿ, 18ನೇ ಶತಮಾನದಲ್ಲಿ 'ಚೆನ್ನಾಗಿದೆ' ಆಯಿತು. ಈಗ ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ನಿಂತು ಕೇಳಿ. ಮಂಜೂ ನೈಸ್, ಫೋಟೋನೂ ನೈಸ್, ಕೈಯಲ್ಲಿರುವ ಸುಟ್ಟ ಜೋಳವೂ ನೈಸ್. ಸೋಮಾರಿ ಪದ ಅಂತ ನನಗೆ ಸ್ವಲ್ಪ ಸಿಟ್ಟೇ.

ಕನ್ನಡಕ್ಕೆ ಬಂದ ನೈಸಿಗೆ ಮಾತ್ರ ಕೆಲಸ ಜಾಸ್ತಿ. ಮಸಾಲೆ ನೈಸಾಗಿ ಅರೆಯಬೇಕು. ನೆಲ ನೈಸಾಗಿದೆ, ಜಾರೀತು. ಕಾಫಿ ಕುಯ್ಯಲು ಕರೆದರೆ ತಮ್ಮ ನೈಸಾಗಿ ಜಾಗ ಖಾಲಿ ಮಾಡಿದ. ಸಾಲ ಬೇಕಾದವನು ಬಂದು ನೈಸ್ ಮಾಡ್ತಾನೆ. ಇಲ್ಲೆಲ್ಲ 'ಚೆನ್ನಾಗಿ' ಅಂತ ಹಾಕಿ ನೋಡಿ, ಕೂರುವುದೇ ಇಲ್ಲ. 'ನಯವಾಗಿ' ಅಂತ ಹಾಕಿ, ಸಲೀಸಾಗಿ ಕೂರುತ್ತದೆ. ನಯವಾಗಿ ಅರೆಯುವುದು, ನಯವಾಗಿ ಜಾರಿಕೊಳ್ಳುವುದು, ನಯವಾದ ಮಾತು. ನನಗನಿಸುವುದು, ಹೊರಗಿನ ಪದ ನಮ್ಮ 'ನಯ' ಹಾಸಿಟ್ಟಿದ್ದ ಚಾಪೆಯ ಮೇಲೆ ಸುಮ್ನೆ ಬಂದು ಕೂತಿದೆ. ದನಿಯೂ ಹತ್ತಿರವೇ, ಅಲ್ವಾ?

ಇಂಗ್ಲಿಷಿನ ಒಂದಕ್ಷರ ಬಾರದ ನಮ್ಮಜ್ಜಿ ಅಕ್ಕಿತರಿಯ ಉಂಡೆ ಕಡಂಬುಟ್ಟು ಮಾಡುವಾಗ ಹೇಳುತ್ತಿದ್ದರು, "ಕಡಂಬುಟ್ಟಿಗೆ ಅಕ್ಕಿ ನೈಸಾಗಬಾರದು, ತರಿತರಿಯಾಗೇ ಇರಬೇಕು." ಅವರಿಗೆ ಅದು ಒರಳಿನಷ್ಟೇ ಮನೆಯ ಪದ.

ಅಂದಹಾಗೆ, ಆ ಪುಡಿ ಇನ್ನೂ ಮುಗಿದಿಲ್ಲ. ಬೆಲ್ಲ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೇವೆ.

ನಮಸ್ಕಾರ.