ಸಾಹೇಬರಿಗೆ ಕೊಡದ್ದನ್ನು ದೇವರಿಗೆ ಕೊಡುತ್ತೇವಾ?

ಸಭೆಯ ಹಿರಿಯರೇ, ಅಕ್ಕ ತಂಗಿಯರೇ, ಯುವಕ ಸಂಘದವರೇ, ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ.

ಬರುವ ಭಾನುವಾರ ನಮ್ಮ ಸುಗ್ಗಿ ಹಬ್ಬ, ಬೆಳೆಯ ಪಾಲನ್ನು ದೇವರಿಗೆ ಕಾಣಿಕೆ ತರುವ ದಿನ. ತೊಗರಿ ರಾಶಿ ಮುಗಿದಿದೆ. ಭಾಲ್ಕಿ, ಔರಾದ, ಹುಮನಾಬಾದ ಕಡೆಯವರೂ ಬೀದರಿಗೆ ಬರುತ್ತಾರೆ. ಅದಕ್ಕೇ ಇವತ್ತು ಬೈಬಲಿನ ಪ್ರವಾದಿ ಮಲಾಕಿಯನ ಪುಸ್ತಕ ಹಿಡಿದು ಬಂದಿದ್ದೇನೆ.

ಬಾಬೆಲಿನ ಸೆರೆಯಿಂದ ವಾಪಸ್ ಬಂದ ಯೆಹೂದ್ಯರು ಕ್ರಿ.ಪೂ. 516ರ ಸುಮಾರಿಗೆ ಯೆರೂಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿ ಮುಗಿಸಿದ್ದರು. ಮಲಾಕಿಯನ ಹೊತ್ತಿಗೆ ಆ ಹುರುಪು ಇಳಿದಿತ್ತು. ಆರಾಧನೆ ನಿಂತಿರಲಿಲ್ಲ, ನೋಡಿ. ಯಾಜಕರಿದ್ದರು, ಬಲಿಯೂ ನಡೆಯುತ್ತಿತ್ತು. ಆದರೆ ಬಲಿಗೆ ಬರುತ್ತಿದ್ದದ್ದು ಕುರುಡು, ಕುಂಟು, ರೋಗ ಬಡಿದ ಪಶು. ಯಾಜಕರೇ "ಎಂಥ ಬೇಸರ" ಅಂತ ಮೂಗು ಮುರಿಯುತ್ತಿದ್ದರು. ಆಗ ದೇವರು ಕೇಳುತ್ತಾನೆ: ಇದನ್ನು ನಿನ್ನ ದೇಶಾಧಿಪತಿಗೆ ಕೊಟ್ಟು ನೋಡು, ಅವನು ಮೆಚ್ಚುತ್ತಾನಾ?

ಅಂದ್ರೆ, ಡಿ.ಸಿ. ಸಾಹೇಬರಿಗೆ ಕೊಡುತ್ತೀರಾ? ಅವರ ಆಫೀಸಿಗೆ ಹೋಗುವಾಗ ಇಸ್ತ್ರಿ ಅಂಗಿ, ಅರ್ಧ ಗಂಟೆ ಮೊದಲೇ ಹಾಜರು, ಫೋನ್ ಬಂದ್. ಚರ್ಚಿಗೆ? ಎರಡನೇ ಹಾಡಿನ ಹೊತ್ತಿಗೆ ಬರುತ್ತೇವೆ. ಪ್ರಾರ್ಥನೆ ನಡುವೆ ವಾಟ್ಸಾಪ್ ತೆಗೆಯುತ್ತೇವೆ. ನಗ್ತಿದ್ದೀರಿ, ನಗಿ. ಆದರೆ ಮಲಾಕಿಯ ಮೊದಲು ಬೈದದ್ದು ಯಾಜಕರನ್ನು. ಹಾಗಾಗಿ ಈ ಮಾತು ಮೊದಲು ಬೋಧಕರಿಗೆ, ಹಾಡಿನ ತಂಡಕ್ಕೆ. ಶನಿವಾರ ರಾತ್ರಿ ಗಡಿಬಿಡಿಯಲ್ಲಿ ಹುಡುಕಿದ ಪ್ರಸಂಗವನ್ನು ಸಾಹೇಬರ ಮುಂದೆ ಓದುತ್ತೀರಾ?

ಭಾಲ್ಕಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಸಭೆಯ ಆಯಿ ಒಬ್ಬರಿದ್ದರು. ಈ ಕಥೆಯನ್ನು ಕೆಲವರು ನನ್ನ ಬಾಯಿಂದ ಕೇಳಿದ್ದೀರಿ, ಇನ್ನೊಮ್ಮೆ ಕೇಳಿ. ಅವರಿಗೆ ಸ್ವಂತ ಹೊಲ ಇರಲಿಲ್ಲ. ಕೂಲಿಗೆ ಸಿಕ್ಕ ತೊಗರಿಯಲ್ಲೇ ಒಂದು ಪಾಲು ಚರ್ಚಿಗೆ. ಹಬ್ಬದ ಹಿಂದಿನ ದಿನ ಅಂಗಳದಲ್ಲಿ ಕೂತು ಮೊರದಲ್ಲಿ ಕೇರುತ್ತಿದ್ದರು. ಹೊಟ್ಟು ಹಾರಿದ ಮೇಲೆ ಕಾಳನ್ನು ಬಟ್ಟೆ ಮೇಲೆ ಹರವಿ, ಹರಳು, ಮುರುಕು, ಸೊರಗಿದ ಕಾಳನ್ನೆಲ್ಲ ಬೆರಳ ತುದಿಯಿಂದ ಒಂದೊಂದೇ ಆಚೆ ಸರಿಸುತ್ತಿದ್ದರು. ಕಣ್ಣು ಮಂಜಾಗಿತ್ತು, ಅದಕ್ಕೆ ಕೆಲವನ್ನು ಬೆರಳಲ್ಲಿ ಉರುಳಿಸಿ ನೋಡುತ್ತಿದ್ದರು. ಸೊಸೆಗೆ ತಡೆಯಲಿಲ್ಲ. "ಅತ್ತಿ, ನಾಳಿ ಅದು ಲಿಲಾವಕ್ಕೇ ಹೋಗ್ತದ. ತಗೊಂಡವ್ರು ಹಸನ ಮಾಡ್ಕೋತಾರ ಬಿಡ್ರಿ" ಅಂದಳು. ಆಯಿ ಕತ್ತು ಎತ್ತಲಿಲ್ಲ. "ತಗೊಳ್ಳೋರಿಗಿ ಅಲ್ಲವ್ವ ನಾ ಕೊಡೋದು" ಅಂದರು. ಸೊರಗಿದ ಕಾಳು ಅವರ ಮನೆಯ ಬೇಳೆಯಾಯಿತು.

ಅವರು ಯಾವ ಸಾಹೇಬರನ್ನೂ ಕಂಡವರಲ್ಲ. ಆದರೆ ಯಾರ ಮುಂದೆ ನಿಲ್ಲುತ್ತೇನೆ ಅನ್ನೋದು ಗೊತ್ತಿತ್ತು.

ಭಯಭಕ್ತಿ ಅಂದ್ರೆ ಮುಖ ಬಿಗಿದು ಕೂಡುವುದು ಅಂತ ಕೆಲವರು ತಿಳಿದಿದ್ದಾರೆ. 2 ಸಮುವೇಲ 6 ತೆಗೆಯಿರಿ. ಮಂಜೂಷವನ್ನು, ಅಂದ್ರೆ ದೇವರ ಒಡಂಬಡಿಕೆಯ ಪೆಟ್ಟಿಗೆಯನ್ನು, ಆರಾಧನೆಯ ಸೇವೆಗಿದ್ದ ಲೇವಿಯರು ಹೆಗಲ ಮೇಲೆ ಹೊರಬೇಕೆಂದು ಆಜ್ಞೆ ಇತ್ತು. ಅರಸ ದಾವೀದನ ಜನ ಬಂಡಿಯಲ್ಲಿಟ್ಟರು. ಬಂಡಿ ಹೊಸದು, ವಾದ್ಯ ಜೋರು. ದೇವರು ಏನು ಹೇಳಿದ್ದಾನೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಎತ್ತು ಎಡವಿದಾಗ ಮಂಜೂಷಕ್ಕೆ ಕೈ ಹಾಕಿದ ಉಜ್ಜ ಅಲ್ಲೇ ಸತ್ತ. ಮೂರು ತಿಂಗಳಾದ ಮೇಲೆ ಅದೇ ಮಂಜೂಷ ಹೊತ್ತು ತಂದರು, ದಾವೀದ ಮೈಮರೆತು ಕುಣಿದ. ಎರಡೂ ಒಂದೇ ಅಧ್ಯಾಯದಲ್ಲಿವೆ! ನಮ್ಮ ಹಳ್ಳಿ ಭಜನೆಯ ಢೋಲಕ್, ತಾಳ ಭಕ್ತಿಗೆ ಅಡ್ಡಿ ಅನ್ನುವವರಿಗೆ ಇದನ್ನು ತೋರಿಸಿ. ಹೊಸ ಸೌಂಡ್ ಸಿಸ್ಟಮ್ ಬಂದರೆ ಸಾಕು ಅನ್ನುವವರಿಗೂ ತೋರಿಸಿ.

ಆಮೋಸ 5, ಇಬ್ರಿಯ 12 ಬರೆದುಕೊಂಡು ಬಂದಿದ್ದೆ. ಪಾಸ್ಟರ್ ಗಡಿಯಾರ ನೋಡುತ್ತಿದ್ದಾರೆ. ಮನೆಯಲ್ಲಿ ಓದಿ. ಕೂಲಿಯವರ ದುಡ್ಡು ಬಾಕಿ ಇಟ್ಟುಕೊಂಡು ಕಾಣಿಕೆ ತರುವವರು, ನ್ಯಾಯವಿಲ್ಲದ ಕಾಣಿಕೆ ಬೇಡ ಅನ್ನುವ ಆಮೋಸ 5 ಎರಡು ಸಲ ಓದಿ.

ಮತ್ತಾಯ 5:23, 24 ಒಂದನ್ನು ಬಿಡಲಾರೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ವಿರೋಧವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತಾನೆ ಯೇಸು. ಈ ಹಾಲಿನಲ್ಲೇ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಭಾನುವಾರಕ್ಕೆ ಇನ್ನೂ ದಿನ ಇದೆ, ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ ಚಹಾ ಕುಡಿದು ಬನ್ನಿ. ಈಗ ಪ್ರಾರ್ಥನೆಗೆ ಏಳೋಣ.