ಕೆರೆಯ ನೀರು, ಬೋರಿನ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಕ್ಕಡದ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳ, ಮಳೆಯಲ್ಲಿ ಕೂತು ಅಂತರ್ಜಲದ ಬಗ್ಗೆ ಮಾತಾಡಿದರೆ ಕೇಳುವವರು ಯಾರು ಅಂತ ನನಗೂ ಅನಿಸಿತು. ಅಂಗಳದಲ್ಲಿ ಜಲ ಎದ್ದಿದೆ, ಒಗೆದ ಬಟ್ಟೆ ವಾರವಾದರೂ ಒಣಗಿಲ್ಲ. ಇಂಥ ಹೊತ್ತಲ್ಲಿ ನೀರಿನ ಪಾಠ ಯಾರಿಗೆ ಬೇಕು? ಆದರೆ ಮಾರ್ಚಿನಲ್ಲಿ ಹೇಳಿ ಪ್ರಯೋಜನವಿಲ್ಲ. ಆಗ ಎಲ್ಲರೂ ಬೋರ್‌ವೆಲ್ ಲಾರಿಗೆ ಫೋನ್ ಮಾಡುವುದರಲ್ಲಿ ಮುಳುಗಿರುತ್ತಾರೆ.

ನಾನು ಹೇಳುವುದು ಒಂದೇ ಮಾತು. ಹೊಳೆಯ ನೀರು, ಕೆರೆಯ ನೀರು, ಬಾವಿಯ ನೀರು, ಬೋರಿನ ನೀರು ಬೇರೆ ಬೇರೆ ಅಲ್ಲ. ಒಂದೇ ನೀರು.

ಅರಬ್ಬೀ ಸಮುದ್ರದ ಆವಿ ಮುಂಗಾರು ಗಾಳಿಯ ಜೊತೆ ಬಂದು ಪಶ್ಚಿಮ ಘಟ್ಟಕ್ಕೆ ತಾಗಿ ಮಳೆಯಾಗುತ್ತದೆ. ಒಂದು ಪಾಲು ತೋಡು, ಹಳ್ಳ ಸೇರಿ ಕೆಂಪಗೆ ಹರಿದು ಕಾವೇರಿಗೆ ಹೋಗುತ್ತದೆ. ಒಂದು ಪಾಲನ್ನು ಗಿಡಮರ ಕುಡಿದು ಮತ್ತೆ ಆಕಾಶಕ್ಕೆ ಬಿಡುತ್ತವೆ. ಉಳಿದದ್ದು ನೆಲಕ್ಕೆ ಇಂಗುತ್ತದೆ. ಇಷ್ಟು ಶಾಲೆಯ ಪುಸ್ತಕದಲ್ಲಿದೆ. ಇಂಗಿದ ನೀರು ಮುಂದೆ ಏನಾಯಿತು? ಪುಸ್ತಕದ ಚಿತ್ರದಲ್ಲಿ ಒಂದು ಬಾಣದ ಗುರುತು ಕೆಳಗೆ ಇಳಿದು ಅಲ್ಲೇ ನಿಂತುಬಿಡುತ್ತದೆ. ನೀರು ಹಾಗೆ ನಿಲ್ಲುವುದಿಲ್ಲ.

ಫೆಬ್ರವರಿಯಲ್ಲಿ ಹೊಳೆ ನೋಡಿ. ಮಳೆ ನಿಂತು ತಿಂಗಳುಗಳಾಗಿರುತ್ತವೆ. ಕರಗಿ ಬರಲು ನಮ್ಮ ಬೆಟ್ಟಗಳ ಮೇಲೆ ಹಿಮವೂ ಇಲ್ಲ. ಮತ್ತೆ ಹರಿಯುವುದು ಯಾವ ನೀರು? ಜುಲೈನಲ್ಲಿ ಗುಡ್ಡದ ಮಣ್ಣು ಕುಡಿದ ನೀರೇ ಒರತೆಯಾಗಿ, ಜೌಗಾಗಿ, ದಡದ ಅಡಿಯಿಂದ ಜಿನುಗಿ ಹೊಳೆಗೆ ಬರುತ್ತಿರುತ್ತದೆ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ ಅನ್ನುವುದು ನಂಬಿಕೆ. ನನ್ನ ಕೇಳಿದರೆ ಕೊಡಗಿನ ಪ್ರತಿ ತೋಡಿಗೂ ಒಂದೊಂದು ಸುಜ್ಯೋತಿ ಇದೆ.

ಹಿಂದೆ ಯುರೋಪಿನ ಪಂಡಿತರು ಸಮುದ್ರದ ನೀರೇ ಸುರಂಗದಲ್ಲಿ ಬಂದು ಬೆಟ್ಟ ಏರುತ್ತದೆ ಅಂತ ನಂಬಿದ್ದರು. 1674ರಲ್ಲಿ ಫ್ರಾನ್ಸಿನ ಪಿಯರ್ ಪೆರೋ ಸೀನ್ ನದಿಯ ಮೇಲ್ಭಾಗದ ಲೆಕ್ಕ ಹಾಕಿ, ಅಲ್ಲಿ ಬೀಳುವ ಮಳೆ ನದಿಯಲ್ಲಿ ಹರಿಯುವ ನೀರಿನ ಸುಮಾರು 6 ಪಟ್ಟು ಇದೆ ಅಂತ ತೋರಿಸಿದ. ಅದಾಗಿ ಮೂರು ಶತಮಾನ ಕಳೆದರೂ ನಮ್ಮಲ್ಲಿ ಬೋರಿನ ನೀರು ಪಾತಾಳದಿಂದ ಬರುತ್ತದೆ ಅನ್ನುವವರಿಗೆ ಬರವಿಲ್ಲ.

ಸಿದ್ದಾಪುರದ ಕಡೆ ಒಂದು ರೋಬಸ್ಟಾ ಕಾಫಿ ತೋಟ. ಅಣ್ಣ, ತಮ್ಮ ಪಾಲು ಮಾಡಿಕೊಂಡಿದ್ದರು. ಅಣ್ಣನಿಗೆ ಏರಿನ ಭಾಗ, ತಮ್ಮನಿಗೆ ಗದ್ದೆ ಪಕ್ಕದ ಕೆರೆಯೂ ಸೇರಿ ತಗ್ಗಿನ ಭಾಗ. ಹೂ ಬರಿಸಲು ಸ್ಪ್ರಿಂಕ್ಲರ್ ಹಾಕಬೇಕಲ್ಲ, ತಮ್ಮನ ಹಂಗು ಬೇಡ ಅಂತ ಅಣ್ಣ ಬೋರ್ ಕೊರೆಸಿದರು. ಒಳ್ಳೇ ನೀರು ಸಿಕ್ಕಿತು. ಮೋಟಾರು ಹಗಲೂ ರಾತ್ರಿ ಓಡಿತು. ತಮ್ಮನ ಕೆರೆ ಇಳಿಯತೊಡಗಿತು.

"ನನ್ನ ನೀರು ಎಳೀತಿದ್ದೀಯ" ಅಂತ ತಮ್ಮ. "ನಿನ್ನ ಕೆರೆಗೆ ನಾನು ಪೈಪೇ ಇಟ್ಟಿಲ್ಲ, ನನ್ನದು ಪಾತಾಳದ ನೀರು" ಅಂತ ಅಣ್ಣ. ಮಾತು ಬಿಟ್ಟರು. ಆ ವರ್ಷ ಕೈಲ್ ಮುಹೂರ್ತದ ಹಬ್ಬಕ್ಕೂ ಒಟ್ಟಿಗೆ ಉಣ್ಣಲಿಲ್ಲ. ಮರು ಬೇಸಿಗೆ ನನ್ನನ್ನು ಕರೆಸಿದರು. ನಾನು ನೆಲದ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದು ವಿವರಿಸಿದೆ. ಅಣ್ಣ ಪೂರ್ತಿ ಕೇಳಿ, "ಸಾರ್, ಕೇಸಿಂಗ್ ಪೈಪ್ ಇಳಿಸಿದ್ದೇವೆ, ಮೇಲಿನ ನೀರು ಒಳಗೆ ಹೋಗೋ ಮಾತೇ ಇಲ್ಲ" ಅಂದರು.

ತಮ್ಮನ ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ ಜಾಣ. ಕೆರೆಯಲ್ಲಿ ಒಂದು ಬಿದಿರಿನ ಗೂಟ ನೆಟ್ಟು, ದಿನಾ ಬೆಳಿಗ್ಗೆ ನೀರಿನ ಮಟ್ಟಕ್ಕೆ ಕತ್ತಿಯಲ್ಲಿ ಒಂದು ಕಚ್ಚು ಹಾಕುತ್ತಿದ್ದ. ಕಚ್ಚು ದಿನದಿನಕ್ಕೂ ಕೆಳಗೆ. ಕೊನೆಗೆ ಕೆಸರೇ ಬರತೊಡಗಿ ತಮ್ಮನೇ ಕೆರೆಯ ಪಂಪು ನಿಲ್ಲಿಸಿದರು, ಆದರೂ ಕೆರೆ ಇಳಿಯುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಾಗಲು ಎಷ್ಟು ಕಾಲ ಬೇಕು ಅಂತ ನಿಮಗೇ ಗೊತ್ತು. ಅಣ್ಣನ ಮೋಟಾರು ನಿಂತಿತು. ಕೆಲವೇ ದಿನ, ಕೊನೆಯ ಕಚ್ಚುಗಳು ನೀರಿನಲ್ಲಿ ಮುಳುಗಿದವು! ಆಕಾಶದಿಂದ ಒಂದು ಹನಿ ಬಿದ್ದಿರಲಿಲ್ಲ. ಅಣ್ಣ ತಾವೇ ಕೆಸರಿಗಿಳಿದು ಗೂಟ ಅಲ್ಲಾಡಿಸಿ ನೋಡಿದರು, ರೈಟರ್ ರಾತ್ರಿ ಬಂದು ಒತ್ತಿ ತಗ್ಗಿಸಿದ್ದಾನೋ ಏನೋ ಅಂತ. ಗೂಟ ಜಗ್ಗಲಿಲ್ಲ.

ವಿಷಯ ಇಷ್ಟೆ. ಮೇಲೆ ಕೆಂಪು ಮಣ್ಣು, ಅದರಡಿ ಕೊಳೆತು ಮೆತ್ತಗಾದ ಕಲ್ಲು, ಅದರಡಿ ಗಟ್ಟಿ ಬಂಡೆ. ಮಳೆಗಾಲದ ನೀರು ತುಂಬಿಕೊಳ್ಳುವುದು ಆ ಮೆತ್ತನೆ ಕಲ್ಲಿನಲ್ಲಿ. ಕೆರೆಗೆ ನೀರು ಬರುವುದು ಅಲ್ಲಿಂದಲೇ. ಬಂಡೆಯ ಬಿರುಕುಗಳಿಗೆ ಇಳಿದು ಬೋರಿಗೆ ಸಿಗುವುದೂ ಅಲ್ಲಿಂದಲೇ. ಕೇಸಿಂಗ್ ಪೈಪ್ ಬೋರಿನೊಳಗೆ ಮಣ್ಣು ಕುಸಿಯದಂತೆ ತಡೆಯುತ್ತದೆ, ಬಿರುಕುಗಳ ದಾರಿಯನ್ನು ಅದು ಕಟ್ಟುವುದಿಲ್ಲ. ಪಾಸ್‌ಬುಕ್ ಎರಡಿದ್ದರೂ ಖಾತೆ ಒಂದೇ. ಈಗ ಅಣ್ಣ, ತಮ್ಮ ಇಬ್ಬರೂ ಸರದಿಯ ಮೇಲೆ ಪಂಪು ಹಾಕುತ್ತಾರೆ. ಮಾತುಕತೆ ಇನ್ನೂ ಅಷ್ಟಕ್ಕಷ್ಟೆ.

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಗದ್ದೆ ಪಾಳು ಬಿಡಬೇಡಿ. ನಾಟಿ ಮಾಡಿದ ಗದ್ದೆ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡು ನಿಮ್ಮ ಬಾವಿಗೆ ಇಳಿಸುತ್ತದೆ. ಭತ್ತದ ಲಾಭನಷ್ಟ ಬರೆಯುವಾಗ ಆ ನೀರನ್ನು ಯಾರೂ ಬರೆಯುವುದಿಲ್ಲ, ಅದೇ ನನಗೆ ಸಿಟ್ಟು. ಕಾಫಿ ಸಾಲಿನ ನಡುವೆ ನೀರು ಇಂಗಿಸಲು ತೋಡಿದ ತೊಟ್ಟಿಲು ಗುಂಡಿ ತುಂಬಿಹೋಗಿದ್ದರೆ ಹೂಳು ತೆಗೆಸಿ. ಕಡಿದಾದ ಬರೆಯ ಮೇಲೆ ಮಾತ್ರ ಗುಂಡಿ ಬೇಡವೇ ಬೇಡ. ಗುಡ್ಡದೊಳಗೆ ನೀರು ಹೆಚ್ಚಾದರೆ ಏನಾಗುತ್ತದೆ ಅಂತ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನೋಡಿದ್ದೇವೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರನ್ನು ತೋಡಿಗೆ ಬಿಟ್ಟು, ಕುಡಿಯಲು ಬಾವಿ ಇದೆಯಲ್ಲ ಅನ್ನಬೇಡಿ. ಒಂದೇ ನೀರು ಅಂತ ಮತ್ತೆ ಹೇಳಬೇಕೆ?

ಇನ್ನೊಂದು ಸಣ್ಣ ಕೆಲಸ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಡಿ, ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಈ ತಿಂಗಳು ಒಮ್ಮೆ, ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ಒಮ್ಮೆ, ಸ್ಪ್ರಿಂಕ್ಲರ್ ಶುರುಮಾಡುವ ಮೊದಲು ಒಮ್ಮೆ. ಬೋರ್ ಲಾರಿ ಕರೆಸುವ ಮುಂಚೆ ಆ ಮೂರು ಅಂಕಿ ನೋಡಿ.

ನಮಸ್ಕಾರ.