ಇಷ್ಟು ಚಿಕ್ಕ ಮಗುವಿನ ಕೈಲಿ ನಟನೆ ಮಾಡಿಸಿದ್ದು ಹೇಗೆ? ಮೂಕಿ ಚಿತ್ರಗಳ ಬೇಬಿ ಪೆಗ್ಗಿ

[ಪರದೆ: ಗುಂಡು ಕಣ್ಣಿನ ಪುಟ್ಟ ಹುಡುಗಿಯ ಕಪ್ಪು-ಬಿಳುಪು ಚಿತ್ರ]

ಹತ್ತೊಂಬತ್ತು ತಿಂಗಳ ಮಗು. "ಬಾ" ಅಂದ್ರೆ ಆ ಕಡೆ ಓಡೋ ವಯಸ್ಸು. ಅದನ್ನ ಕ್ಯಾಮೆರಾ ಮುಂದೆ ನಿಲ್ಲಿಸಿ, ಕೆಲವೇ ವರ್ಷಗಳಲ್ಲಿ ಸುಮಾರು 150 ಕಿರುಚಿತ್ರ ತೆಗೆದರು. ಅದು ಹೇಗೆ ಸಾಧ್ಯ ಆಯ್ತು?

ಹೆಸರು ಬೇಬಿ ಪೆಗ್ಗಿ, ಹುಟ್ಟಿದ್ದು 1918, ಕ್ಯಾಲಿಫೋರ್ನಿಯಾ. ಕಂಪನಿ ಹಾಲಿವುಡ್‌ನ ಸೆಂಚುರಿ, ಮೊದಲ ಜೊತೆಗಾರ ಬ್ರೌನಿ ಅನ್ನೋ ನಾಯಿ. ಪರಿಚಯ ಇಷ್ಟು ಸಾಕು.

ಮೂಕಿ ಚಿತ್ರ ಅಂದ್ರೆ ಸೆಟ್ಟೂ ಮೂಕ ಅಂದ್ಕೊಂಡ್ರಾ? ಅದೊಂದು ಸಂತೆ! ಮೈಕೇ ಇಲ್ವಲ್ಲ, ಕ್ಯಾಮೆರಾ ತಿರುಗ್ತಿರುವಾಗಲೇ ನಿರ್ದೇಶಕ ಕೂಗಬಹುದು: "ತಿರುಗು... ನಾಯಿ ನೋಡು... ಹಾಂ, ಈಗ ಅಳು!" ಮಗು ಇಡೀ ದೃಶ್ಯ ನೆನಪಿಟ್ಕೋಬೇಕಿಲ್ಲ, ಒಂದು ಸಲಕ್ಕೆ ಒಂದು ಮಾತು ಕೇಳಿದ್ರೆ ಆಯ್ತು. ಸ್ಕೂಲ್ ಡೇ ನಾಟಕದಲ್ಲಿ ಪರದೆ ಹಿಂದೆ ಮಿಸ್ಸು ಡೈಲಾಗ್ ಹೇಳಿಕೊಡ್ತಾರಲ್ಲ, ಥೇಟ್ ಅದೇ. ಇಲ್ಲಿ ಪಿಸುಗುಟ್ಟೋ ಕಷ್ಟಾನೂ ಇಲ್ಲ. ಟಾಕಿ ಬಂದ್ಮೇಲೆ ಈ ಸೌಲಭ್ಯ ಹೋಯ್ತು ನೋಡಿ.

ನಮ್ಮ ಮೂಕಿ ಚಿತ್ರಗಳ ನಿರ್ದೇಶಕ ದಾದಾಸಾಹೇಬ್ ಫಾಲ್ಕೆಯವರಿಗೂ ಇದೇ ಅನುಕೂಲ ಇತ್ತು. 1919ರ 'ಕಾಲಿಯ ಮರ್ದನ'ದಲ್ಲಿ ಕೃಷ್ಣನಾದದ್ದು ಅವರ ಮಗಳು ಮಂದಾಕಿನಿ. ಚಿತ್ರ ಶುರುವಾಗೋದೇ ಅವಳ ಮುಖದಲ್ಲಿ ಒಂದರ ಹಿಂದೊಂದು ಬದಲಾಗೋ ಭಾವಗಳಿಂದ.

ಪೆಗ್ಗಿ ಅಪ್ಪ ಜ್ಯಾಕ್ ಕುದುರೆ ಸವಾರ, ಸ್ಟಂಟ್ ಆಳು. ಚಿಟಿಕೆ ಹೊಡೆದರೆ ಮಗಳು ಹೇಳಿದ್ದು ಮಾಡಬೇಕು, ಹಾಗೆ ಪಳಗಿಸಿದ್ದ. ಕುದುರೆಗೂ ಮಗುವಿಗೂ ಒಂದೇ ಪಾಠ! ಎಡವಟ್ಟಾಗಿದ್ದೂ ಅಲ್ಲೇ. "ಬೇಡ" ಅನ್ನೋಕೆ ಬಾರದ ಮಗುವಿನ ಕೈಲಿ ಏನು ಬೇಕಾದ್ರೂ ಮಾಡಿಸಬಹುದು. ಒಂದು ಚಿತ್ರಕ್ಕೆ ಸಮುದ್ರದ ನೀರೊಳಗೆ ಅದುಮಿ ಹಿಡಿದರು, ಪ್ರಜ್ಞೆ ತಪ್ಪೋವರೆಗೂ. 1923ರ 'ದ ಡಾರ್ಲಿಂಗ್ ಆಫ್ ನ್ಯೂಯಾರ್ಕ್'ಗೆ ಉರಿಯೋ ಕೋಣೆಯಿಂದ ಒಬ್ಬಳೇ ಹೊರಬರಬೇಕಿತ್ತು. ಸೀಮೆಎಣ್ಣೆ ಬೀಳಬಾರದ ಕಡೆ ಬಿದ್ದು, ಅಭ್ಯಾಸ ಮಾಡಿಸಿದ್ದ ದಾರಿಗೇ ಬೆಂಕಿ. ಐದು ವರ್ಷ ತುಂಬದ ಮಗು ತಾನೇ ಬೇರೆ ದಾರಿ ಹುಡುಕ್ಕೊಂಡು ಹೊರಬಂತು. ಕೆಲಸ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ.

[ಪರದೆ: ಓಡುವ ಗಡಿಯಾರ]

ಟೈಮ್ ಇಲ್ಲ, ದುಡ್ಡಿನ ಕಥೆ ಬೇಗ ಬೇಗ. ಯೂನಿವರ್ಸಲ್ ಅನ್ನೋ ದೊಡ್ಡ ಚಿತ್ರ ಕಂಪನಿ ಜೊತೆ ವರ್ಷಕ್ಕೆ 15 ಲಕ್ಷ ಡಾಲರ್ ಒಪ್ಪಂದ ಅಂತ ಲೆಕ್ಕ. ಕಾರು, ಮನೆ, ಬಟ್ಟೆ ಅಂತ ಹೆತ್ತವರೇ ಖರ್ಚು ಮಾಡಿದರು, ಮಗಳ ಹೆಸರಲ್ಲಿ ಬಿಡಿಗಾಸೂ ಇಡಲಿಲ್ಲ. 1925ರಲ್ಲಿ ಅಪ್ಪ ಸಂಬಳಕ್ಕೆ ನಿರ್ಮಾಪಕರ ಜೊತೆ ಜಗಳ ಆಡಿದ, ಅವಕಾಶಗಳೂ ನಿಂತವು. ಆಮೇಲೆ ವಾಡೆವಿಲ್ ವೇದಿಕೆ, ಅಂದ್ರೆ ಹಾಡು, ಕುಣಿತ, ಹಾಸ್ಯ ಎಲ್ಲ ಬೆರೆತ ರಂಗ ಪ್ರದರ್ಶನ. ಅಲ್ಲಿ ಒಂದು ಪ್ರದರ್ಶನಕ್ಕೆ ಅವಳ ಕೈಗೆ ಬರ್ತಿದ್ದದ್ದು ಐದು ಸೆಂಟ್! ಬಾಲನಟರ ಗಳಿಕೆ ಕಾಪಾಡೋ ಕ್ಯಾಲಿಫೋರ್ನಿಯಾದ ಕೂಗನ್ ಕಾಯ್ದೆ ಬಂದದ್ದು 1939ರಲ್ಲಿ. ಪೆಗ್ಗಿಗೆ ಆಗಲೇ ಇಪ್ಪತ್ತು.

1926ರಲ್ಲಿ ಸೆಂಚುರಿ ಸ್ಟುಡಿಯೋಗೆ ಬೆಂಕಿ ಬಿತ್ತು. ಆಗಿನ ಚಿತ್ರಗಳ ರೀಲು ನೈಟ್ರೇಟ್ ಫಿಲ್ಮ್ ಬೇರೆ, ಹೊತ್ತಿದರೆ ಆರಿಸೋದೇ ಕಷ್ಟ. ಅವಳ ಬಹುಪಾಲು ಚಿತ್ರಗಳು ಈಗಿಲ್ಲ. ಅವಳು ಮಾತ್ರ 2020ರವರೆಗೆ, 101 ವರ್ಷ ಬದುಕಿದಳು. 1924ರ 'ಕ್ಯಾಪ್ಟನ್ ಜನವರಿ' ಉಳಿದಿದೆ, ಸಿಕ್ಕರೆ ನೋಡಿ. ನೋಡುವಾಗ ಅವಳ ಕಣ್ಣು ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತಾ ಅಂತ ಗಮನಿಸಿ. ಸರಿದರೆ, ಅಲ್ಲಿ ಯಾರೋ ಕೂಗ್ತಿದ್ದಾರೆ.